ಅಕ್ಕನ ಲೆಕ್ಕ

ಕಾಚಿಗುಡದಲ್ಲಿರುವ ನಮ್ಮಕ್ಕನ ಮಗನಿಗೆ ಒಂಬತ್ತು ವರ್ಷ. ಎರಡು ಮಹಡಿ ಹತ್ತಿದರೆ ಏದುಸಿರು. "ದಿನಾ ಸ್ವಲ್ಪ ಆಡಲಿಕ್ಕೆ ಕಳಿಸಕ್ಕ" ಅಂದೆ. ಅಕ್ಕನಿಗೆ ಸಿಟ್ಟು ಬಂತು: "ಕೂಸು ಮೈಕೈ ತುಂಬಿಕೊಂಡದ ಅಂದ್ರ ನಿನಗ್ಯಾಕೋ ತಮ್ಮಾ ಹೊಟ್ಟಿಕಿಚ್ಚು? ಸುಮ್ನ ನದರ ಹಚ್ಚಬ್ಯಾಡ."

ಅಕ್ಕನನ್ನು ಬೈಯಲಾರೆ. ಬೀದರಿನ ಕಡೆಯ ನಮ್ಮ ಹಳ್ಳಿಯಲ್ಲಿ, ಬರ ಕಂಡ ಅಜ್ಜಿಯ ಕೈಯಲ್ಲಿ ಬೆಳೆದವಳು. ದುಂಡಗಿರುವ ಮಗು ಅಂದರೆ ಉಂಡ ಮಗು, ಉಂಡ ಮಗು ಅಂದರೆ ಬದುಕುವ ಮಗು. ಇದು ಆಕೆಯ ಲೆಕ್ಕ. ಈ ಲೆಕ್ಕ ಪೂರ್ತಿ ಹಳತೂ ಆಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅದೇ ಪಟ್ಟಿಯಲ್ಲಿ ಅತಿತೂಕದ ಮಕ್ಕಳು ನೂರಕ್ಕೆ 3.4. ಹಿಂದಿನ 2015-16ರ ಸಮೀಕ್ಷೆಯಲ್ಲಿ ಇದು 2.1 ಇತ್ತು.

ಆದರೆ ಗೆಳೆಯರೆ, ಊರಲ್ಲಿ ನಾವು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಿಂದು ಓಣಿಯೆಲ್ಲ ಓಡಿದವರು. ಇಲ್ಲಿ ನನ್ನ ಅಳಿಯನಿಗೆ ಮುಂಜಾನೆ ಬನ್ನು, ಸಂಜೆ ಚಿಪ್ಸು, ನಡುನಡುವೆ ಬಾಟಲಿಯ ತಂಪು ಪಾನೀಯ. (ಆ ಬಾಟಲಿ ತಂದುಕೊಡುವವನು ಬಹುತೇಕ ನಾನೇ. ಸೋದರಮಾವ ಬರಿಗೈಲಿ ಹೋಗೋದು ಹ್ಯಾಗೆ?) ಶಾಲೆಯ ಬಯಲಲ್ಲಿ ಬಸ್ಸುಗಳು ನಿಂತಿರುತ್ತವೆ, ಮನೆ ಮುಂದಿನ ಗಲ್ಲಿ ಆಟೋಗಳ ಪಾಲು. ಅವನು ಆಡೋದಾದರೂ ಎಲ್ಲಿ?

ಇಷ್ಟಕ್ಕೂ ಇದನ್ನೆಲ್ಲ ಬಲ್ಲವರು ದೂರದಲ್ಲಿಲ್ಲ. ನಾವು ಬಸ್ಸಿನಲ್ಲಿ ಹಾದುಹೋಗುವ ತಾರ್ನಾಕದಲ್ಲೇ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿ ರೋಗದ ವಿಚಾರಣೆಗೆಂದು ಒಂದೇ ಕೋಣೆಯಲ್ಲಿ ಹುಟ್ಟಿದ್ದು, 1958ರಲ್ಲಿ ಹೈದರಾಬಾದಿಗೆ ಬಂತು. ದೇಶದ ಜನ ಏನು ಉಣ್ಣಬೇಕೆಂದು 2024ರಲ್ಲಿ 17 ಸೂತ್ರಗಳ ಹೊತ್ತಗೆಯನ್ನೇ ಹೊರತಂದಿದೆ. ಅಲ್ಲಿಂದ ಅಕ್ಕನ ಅಡುಗೆಮನೆಗೆ ನಾಲ್ಕೈದು ಕಿಲೋಮೀಟರು. ಆ ಮಾತು ಇನ್ನೂ ಅಲ್ಲಿಗೆ ಬಂದು ಮುಟ್ಟಿಲ್ಲ.

ಮುಟ್ಟಿಸಬೇಕಾದವರು ನಾವೇ ಅಂತ ನನ್ನ ಅಭಿಪ್ರಾಯ. ಕನ್ನಡ ಓದುತ್ತೇವೆ, ನವ್ಯ-ಬಂಡಾಯ ಅಂತ ರಾತ್ರಿಯೆಲ್ಲ ಜಗಳಾಡುತ್ತೇವೆ. ಒಂದು ಬಾಟಲಿಯ ಚೀಟಿ ಓದಿ ಬೀದರಿನ ಮಾತಲ್ಲಿ ಹೇಳಲಿಕ್ಕೆ ಬರೋದಿಲ್ಲವೆ? 300 ಮಿಲಿಲೀಟರಿನ ಕೋಲಾದಲ್ಲಿ 30 ಗ್ರಾಮಿಗೂ ಮಿಕ್ಕಿ ಸಕ್ಕರೆ. ದಿನಕ್ಕೆ 25 ಗ್ರಾಮಿನೊಳಗೆ ಇದ್ದರೆ ಮೇಲೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಅಕ್ಕನಿಗೆ ಗ್ರಾಮು ಹೇಳಲಿಲ್ಲ. ಬಟ್ಟಲಿಗೆ ಆರು ಚಮಚ ಸಕ್ಕರೆ ಹಾಕಿ ಮುಂದಿಟ್ಟೆ. "ಇಷ್ಟಾ?" ಅಂದಳು. ಆಮೇಲೆ ಮಾತಾಡಲಿಲ್ಲ.

ಇನ್ನೊಂದು. ಹುಡುಗನನ್ನು ಡುಮ್ಮ ಅಂತ ಕರೆಯುತ್ತಿದ್ದೆ, ಬಿಟ್ಟಿದ್ದೇನೆ. ಕರೆದಷ್ಟೂ ಅವನು ಮೂಲೆ ಹಿಡಿದು ಕೂರುತ್ತಿದ್ದ.

ಮರುದಿನ ಅಕ್ಕನೇ ಅಂದಳು: "ಬರೇ ಹೇಳಬ್ಯಾಡ. ನೀನೇ ಬಂದು ಆಡಿಸ್ಕೊಂಡು ಹೋಗು." ನ್ಯಾಯವಾದ ಮಾತು. ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ಅವನನ್ನೂ ಗಲ್ಲಿಯ ಇನ್ನಾರು ಮಕ್ಕಳನ್ನೂ ಉಸ್ಮಾನಿಯಾದ ಬಯಲಿಗೆ ಕರೆತರುತ್ತಿದ್ದೇನೆ. ಬಳಗದವರು ಯಾರ್ಯಾರು ಬರುತ್ತೀರಿ? ಚೆಂಡು ನನ್ನದು. ಬಾಟಲಿ ಮಾತ್ರ ತರಬೇಡಿ.