ಹೊಸ ಕಾರ್ಡು, ಹಳೆಯ ಎಸ್‌ಎಂಪಿಎಸ್



ಕಳೆದ ಸಂಚಿಕೆಯಲ್ಲಿ ಇನ್ವರ್ಟರ್ ಬ್ಯಾಟರಿಗೆ ನೀರು ಹಾಕುವ ಕ್ರಮದ ಬಗ್ಗೆ ಬರೆದಿದ್ದೆ. ಅದನ್ನು ಓದಿದ ಒಬ್ಬರು ಭಾನುವಾರ ಬಲಿಪೂಜೆ ಮುಗಿಸಿ ಹೊರಬರುವಾಗ ನನ್ನನ್ನು ನಿಲ್ಲಿಸಿದರು. ಜತೆಯಲ್ಲಿ ಪ್ಲಸ್ ಟು ಓದುವ ಮಗ. “ಇವನಿಗೆ ವಿಡಿಯೋ ಎಡಿಟಿಂಗ್, ಆ್ಯನಿಮೇಶನ್ ಎಲ್ಲ ಕಲಿಯಬೇಕಂತೆ. ಮಸ್ಕತ್‌ನಲ್ಲಿರುವ ಇವನ ಮಾವ ರಜೆಯಲ್ಲಿ ಬರುವಾಗ ಒಂದು ಗ್ರಾಫಿಕ್ಸ್ ಕಾರ್ಡ್ ತಂದುಕೊಟ್ಟಿದ್ದಾರೆ. ನಮ್ಮ ಕಂಪ್ಯೂಟರ್ ಹತ್ತು ವರ್ಷ ಹಳೆಯದು. ಅದಕ್ಕೆ ಇದನ್ನು ಹಾಕಿದರೆ ನಡೆದೀತೇ?” ಎಂದು ಕೇಳಿದರು.

ಹುಡುಗ ಮೆಲ್ಲಗೆ ಹೇಳಿದ: “ಅಂಕಲ್, ಕಾರ್ಡು ಸ್ಲಾಟಿನಲ್ಲಿ ಸರಿಯಾಗಿ ಕೂರುತ್ತದೆ. ಆದರೆ ಅದಕ್ಕೆ ಕೊಡಬೇಕಾದ ಎಂಟು ಪಿನ್ನಿನ ವಯರ್ ನಮ್ಮ ಎಸ್‌ಎಂಪಿಎಸ್‌ನಲ್ಲಿ ಇಲ್ಲ. ಅಂಗಡಿಯಲ್ಲಿ ಅದಕ್ಕೆ ಅಡಾಪ್ಟರ್ ಸಿಗುತ್ತದಂತೆ. ನೂರೈವತ್ತು ರೂಪಾಯಿಗೆ ಕೆಲಸ ಮುಗಿಯುತ್ತದೆ ಅಂದರು.”

ಅಡಾಪ್ಟರ್ ಎಂದೊಡನೆ ನನ್ನ ಮನೆಯಲ್ಲೇ ನಡೆದ ಒಂದು ಹಳೆಯ ಸಂಗತಿ ನೆನಪಾಯಿತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ವಿಷಯ ತಿಳಿದುಕೊಳ್ಳೋಣ.

ನಾವು ರೂಢಿಯಲ್ಲಿ ಸಿಪಿಯು ಎಂದು ಕರೆಯುವ ಪೆಟ್ಟಿಗೆಯೊಳಗೆ, ಗೋಡೆಯಿಂದ ಬರುವ ಕರೆಂಟನ್ನು ಸ್ವೀಕರಿಸುವ ಇನ್ನೊಂದು ಸಣ್ಣ ಲೋಹದ ಪೆಟ್ಟಿಗೆ ಇರುತ್ತದೆ. ಅದೇ ಎಸ್‌ಎಂಪಿಎಸ್. 230 ವೋಲ್ಟಿನ ಕರೆಂಟನ್ನು ಅದು 12 ವೋಲ್ಟ್, 5 ವೋಲ್ಟ್, 3.3 ವೋಲ್ಟ್ ಎಂದು ಇಳಿಸಿ ಒಳಗಿನ ಭಾಗಗಳಿಗೆ ಹಂಚುತ್ತದೆ. ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿಸಿದವರಿಗೆ ಇದು ಬೇಗ ಅರ್ಥವಾದೀತು. ಹಳೆಯ ಪಂಪು ಹಾಗೆಯೇ ಇರುವಾಗ ಇನ್ನೂ ಹತ್ತು ಸ್ಪ್ರಿಂಕ್ಲರ್ ಸೇರಿಸಿದರೆ ಏನಾಗುತ್ತದೆ? ಯಾವುದಕ್ಕೂ ನೀರು ಸರಿಯಾಗಿ ಏರುವುದಿಲ್ಲ, ಪಂಪಿನ ಮೋಟಾರು ಮಾತ್ರ ಬಿಸಿಯಾಗುತ್ತದೆ.

ಆದ್ದರಿಂದ ಹೊಸ ಕಾರ್ಡು ಹಾಕುವ ಮೊದಲು ಮೂರು ಸಂಗತಿಗಳನ್ನು ನೋಡಬೇಕು.

ಮೊದಲನೆಯದು, ಎಸ್‌ಎಂಪಿಎಸ್ ಮೇಲಿನ ಸ್ಟಿಕ್ಕರ್. ಅದರಲ್ಲಿ ದೊಡ್ಡದಾಗಿ 450 ವ್ಯಾಟ್ ಎಂದು ಬರೆದಿದ್ದರೆ ಅಷ್ಟಕ್ಕೇ ನಂಬಬೇಡಿ. ಕೆಳಗಿನ ಸಣ್ಣ ಪಟ್ಟಿಯಲ್ಲಿ 12 ವೋಲ್ಟಿಗೆ ಎಷ್ಟು ಆಂಪಿಯರ್ ಎಂದು ಓದಿ, ಅದನ್ನು 12ರಿಂದ ಗುಣಿಸಿ. ಕಾರ್ಡು ಮತ್ತು ಪ್ರೊಸೆಸರ್ ಎರಡೂ ಮುಖ್ಯವಾಗಿ ಎಳೆಯುವುದು ಈ 12 ವೋಲ್ಟಿನಿಂದಲೇ. 2000ದಲ್ಲಿ ಪೆಂಟಿಯಂ 4 ಬರುವವರೆಗೆ ಪ್ರೊಸೆಸರುಗಳು ಹೆಚ್ಚಾಗಿ 5 ವೋಲ್ಟನ್ನೇ ಅವಲಂಬಿಸಿದ್ದವು. ಹಾಗಾಗಿ ಆಗಿನ ಎಸ್‌ಎಂಪಿಎಸ್‌ಗಳಲ್ಲಿ ಶಕ್ತಿಯ ದೊಡ್ಡ ಪಾಲು 5 ಮತ್ತು 3.3 ವೋಲ್ಟಿಗೆ ಹೋಗುತ್ತಿತ್ತು. ಕ್ಯಾಬಿನೆಟ್ಟಿನ ಜತೆ ಪುಕ್ಕಟೆ ಬರುವ ಅಗ್ಗದವುಗಳಲ್ಲಿ ಆ ಮೇಲೂ ಅದೇ ಕ್ರಮ ಕಂಡುಬಂತು. ಕೆಲವು ಸ್ಟಿಕ್ಕರ್‌ಗಳಲ್ಲಿ 12 ವೋಲ್ಟಿಗೆ ಎರಡು ಸಾಲು ಇರುತ್ತವೆ. ಅವೆರಡನ್ನೂ ಸುಮ್ಮನೆ ಕೂಡಿಸಬಾರದು. ಎರಡೂ ಸೇರಿ ಗರಿಷ್ಠ ಎಷ್ಟು ಎಂದು ಬೇರೆಯಾಗಿ ಅಚ್ಚಾಗಿರುವ ಅಂಕಿಯನ್ನೇ ಹಿಡಿಯಬೇಕು.

ಮುಂದಿನ ಶನಿವಾರ ನಾನು ಅವರ ಮನೆಗೆ ಹೋದೆ. ಪ್ಲಗ್ ಕಿತ್ತು, ಬದಿಯ ಮುಚ್ಚಳ ತೆಗೆದು, ಹುಡುಗನ ಕೈಯಲ್ಲೇ ಓದಿಸಿದೆ. ಹೆಸರಿಗೆ 450 ವ್ಯಾಟ್, 12 ವೋಲ್ಟಿಗೆ 15 ಆಂಪಿಯರ್. ಗುಣಿಸಿದರೆ 180 ವ್ಯಾಟ್. ಮಾವ ತಂದದ್ದು 2021ರಲ್ಲಿ ಬಂದ ಆರ್‌ಟಿಎಕ್ಸ್ 3060. ಅದೊಂದಕ್ಕೇ 170 ವ್ಯಾಟ್ ಬೇಕು. ಪ್ರೊಸೆಸರಿಗೆ ಸುಮಾರು 80, ಡಿಸ್ಕು, ಫ್ಯಾನು, ಮದರ್‌ಬೋರ್ಡಿಗೆ ಸುಮಾರು 30 ಎಂದು ಹಿಡಿಯಿರಿ. ಒಟ್ಟು 280. ಇರುವುದು 180, ಬೇಕಾದದ್ದು 280. ಹುಡುಗ ಲೆಕ್ಕ ಬರೆದ ಕಾಗದವನ್ನೇ ನೋಡುತ್ತಾ ಕುಳಿತ.

ಎರಡನೆಯದು, ವಯರ್. ಕಾರ್ಡು ಕೂರುವ ಸ್ಲಾಟು ತಾನಾಗಿ ಕೊಡಬಲ್ಲದ್ದು 75 ವ್ಯಾಟ್ ಮಾತ್ರ. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ನೇರ ವಯರ್ ಬರಬೇಕು. ಆರು ಪಿನ್ನಿನದಾದರೆ 75 ವ್ಯಾಟ್, ಎಂಟು ಪಿನ್ನಿನದಾದರೆ 150 ವ್ಯಾಟ್. ಎಂಟರಲ್ಲಿ ಹೆಚ್ಚಿಗೆ ಇರುವ ಎರಡು ಪಿನ್ನುಗಳು ಕರೆಂಟ್ ತರುವುದಕ್ಕಲ್ಲ. “ಇಲ್ಲಿಂದ 150 ವ್ಯಾಟ್ ಎಳೆಯಬಹುದು” ಎಂದು ಕಾರ್ಡಿಗೆ ತಿಳಿಸುವುದೇ ಅವುಗಳ ಮುಖ್ಯ ಕೆಲಸ.

ಹಾರ್ಡ್‌ಡಿಸ್ಕಿಗೆ ಹೋಗುವ ಸಾಟಾ ಪ್ಲಗ್ 12 ವೋಲ್ಟಿನಲ್ಲಿ ಹೊರಬಲ್ಲದ್ದು 54 ವ್ಯಾಟ್. ಅದನ್ನು ಎಂಟು ಪಿನ್ನಿಗೆ ತಿರುಗಿಸುವ ಅಡಾಪ್ಟರ್ ಹಾಕಿದಾಗ ಕಾರ್ಡಿಗೆ ಸುಳ್ಳು ಹೇಳಿದ ಹಾಗಾಯಿತು. ಕಾರ್ಡು ಅದನ್ನು ನಂಬಿ ಎಳೆಯುತ್ತದೆ; ತೆಳುವಾದ ವಯರ್ ಕಾಯುತ್ತದೆ, ಪ್ಲಾಸ್ಟಿಕ್ ಕರಗುತ್ತದೆ, ಕೆಲವೊಮ್ಮೆ ಬೆಂಕಿಯೂ ಹತ್ತುತ್ತದೆ. ಎಸ್‌ಎಂಪಿಎಸ್‌ನಲ್ಲಿ ಎಂಟು ಪಿನ್ನಿನ ವಯರ್ ಇಲ್ಲವೆಂದರೆ, ಇಂಥ ಕಾರ್ಡಿಗಾಗಿ ಅದನ್ನು ಮಾಡಿಲ್ಲವೆಂದೇ ತಿಳಿಯಬೇಕು.

ಇಲ್ಲೊಂದು ಎಚ್ಚರಿಕೆ. ಪ್ರೊಸೆಸರಿಗೆ ಹೋಗುವ ಎಂಟು ಪಿನ್ನಿನ ಪ್ಲಗ್ಗೂ ನೋಡಲು ಇದರ ಹಾಗೆಯೇ ಇರುತ್ತದೆ. ಆದರೆ ಒಳಗಿನ ಜೋಡಣೆ ತದ್ವಿರುದ್ಧ. ಅದು ಸಾಮಾನ್ಯವಾಗಿ ನಾಲ್ಕು ನಾಲ್ಕಾಗಿ ಬಿಡಿಸಿಕೊಳ್ಳುತ್ತದೆ. ಕಾರ್ಡಿನದು ಆರು ಮತ್ತು ಎರಡಾಗಿ. ಒತ್ತಿ ತುರುಕಬೇಡಿ. ಕಳಚಿ ಜೋಡಿಸುವ ವಯರುಗಳಿರುವ ಎಸ್‌ಎಂಪಿಎಸ್ ಆದರೆ ಅದರ ಜತೆ ಬಂದ ವಯರುಗಳನ್ನೇ ಬಳಸಿ; ಬೇರೆ ಕಂಪನಿಯ ವಯರ್ ಒಳಗೆ ಕೂತರೂ ಒಳಜೋಡಣೆ ಬೇರೆಯಾಗಿದ್ದೀತು. ಇನ್ನೂ ದೊಡ್ಡ ಹೊಸ ಕಾರ್ಡುಗಳಿಗೆ ಹದಿನಾರು ಪಿನ್ನಿನ ಪ್ಲಗ್ ಬಂದಿದೆ. 2022ರಲ್ಲಿ ಆರ್‌ಟಿಎಕ್ಸ್ 4090 ಕಾರ್ಡುಗಳಲ್ಲಿ ಈ ಪ್ಲಗ್ ಕರಗಿದ ಸುದ್ದಿಗಳು ಬಂದವು. ಪ್ಲಗ್ ಪೂರ್ತಿ ಒಳಗೆ ಕೂರದೇ ಇದ್ದುದು ಒಂದು ಕಾರಣವೆಂದು ತಿಳಿದುಬಂತು.

ಮೂರನೆಯದು, ವಯಸ್ಸು. ಎಸ್‌ಎಂಪಿಎಸ್ ಒಳಗಿನ ಕೆಪಾಸಿಟರುಗಳು ಬಿಸಿಗೆ ಒಳಗೊಳಗೇ ಒಣಗುತ್ತಾ ಬರುತ್ತವೆ. ಹತ್ತು ವರ್ಷ ದುಡಿದ ಪೆಟ್ಟಿಗೆಯಿಂದ ಹೊಸತರಷ್ಟೇ ಕೆಲಸ ನಿರೀಕ್ಷಿಸುವುದು ನ್ಯಾಯವಲ್ಲ. ಗೇಮು ಅಥವಾ ಎಡಿಟಿಂಗ್ ತೆರೆದ ಕೂಡಲೇ ಕಂಪ್ಯೂಟರ್ ತಾನಾಗಿ ಆಫ್ ಆಗಿ ಮತ್ತೆ ಆನ್ ಆಗುವುದು, ಪರದೆ ಕಪ್ಪಾಗುವುದು, ಸುಟ್ಟ ವಾಸನೆ ಬರುವುದು, ಇವು ಅದು ಸೋಲುತ್ತಿದೆ ಎಂಬುದರ ಲಕ್ಷಣಗಳಾಗಿರಬಹುದು. ರಿಪೇರಿಗೆಂದು ಅದನ್ನು ಮನೆಯಲ್ಲಿ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ 300 ವೋಲ್ಟಿಗೂ ಮೀರಿದ ಕರೆಂಟ್ ಸ್ವಲ್ಪ ಹೊತ್ತು ಉಳಿದಿರಬಹುದು.

ಹಾಗಾದರೆ ದಾರಿ ಏನು? ಎರಡಿವೆ. ಕಾರ್ಡು ಇನ್ನೂ ಕೊಳ್ಳದವರು 75 ವ್ಯಾಟಿನೊಳಗಿನದ್ದನ್ನು ಆರಿಸಬಹುದು. 2019ರ ಜಿಟಿಎಕ್ಸ್ 1650, 2024ರಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ, ಇವುಗಳಲ್ಲಿ ಬೇರೆ ವಯರ್ ಬೇಡದ ಕಾರ್ಡುಗಳು ಸಿಗುತ್ತವೆ. ಆಗಲೂ ಸ್ಟಿಕ್ಕರಿನ ಲೆಕ್ಕ ನೋಡಿಯೇ ಮುಂದುವರಿಯಬೇಕು. ದೊಡ್ಡ ಕಾರ್ಡು ಈಗಾಗಲೇ ಮನೆಗೆ ಬಂದಿದ್ದರೆ ಹೊಸ ಎಸ್‌ಎಂಪಿಎಸ್ ಕೊಳ್ಳಬೇಕು. ಆರ್‌ಟಿಎಕ್ಸ್ 3060ಕ್ಕೆ ಎನ್ವಿಡಿಯಾ ಕಂಪನಿ ಹೇಳುವುದು 550 ವ್ಯಾಟ್. ಅದರಲ್ಲಿ ಎಂಟು ಪಿನ್ನಿನ ವಯರ್ ಇದೆಯೇ, 80 ಪ್ಲಸ್ ಗುರುತು ಇದೆಯೇ, ಎಷ್ಟು ವರ್ಷದ ವಾರಂಟಿ ಎಂದು ಕೇಳಿ. ಕಾರ್ಡಿನ ಉದ್ದ ಕ್ಯಾಬಿನೆಟ್ಟಿಗೆ ಹಿಡಿಸುತ್ತದೆಯೇ ಎಂದೂ ಅಳೆದು ನೋಡಿ. ಯುಪಿಎಸ್ಸನ್ನು ಮರೆಯಬೇಡಿ: 600 ವಿಎ ಎಂದು ಬರೆದ ಯುಪಿಎಸ್ ಹೊರುವುದು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ. ಮಾನಿಟರ್ ಕೂಡ ಸೇರಿದರೆ ಅದೂ ಅಂಚಿಗೆ ಬಂದು ನಿಲ್ಲುತ್ತದೆ.

“ಪುಕ್ಕಟೆ ಬಂದ ಕಾರ್ಡಿಗೂ ಇಷ್ಟು ಖರ್ಚೇ?” ಎಂದು ಹುಡುಗನ ಪಪ್ಪ ಕೇಳಿದರು. ಅವರ ಕಷ್ಟ ನನಗೆ ಗೊತ್ತು. ಆಗ ನನ್ನ ಮನೆಯ ಸಂಗತಿ ಹೇಳಿದೆ.

ಕೆಲವು ವರ್ಷಗಳ ಹಿಂದೆ ನಾನೂ ಸೆಕೆಂಡ್‌ಹ್ಯಾಂಡ್ ಕಾರ್ಡೊಂದನ್ನು ಅಡಾಪ್ಟರ್ ಹಾಕಿ ಹಳೆಯ ಎಸ್‌ಎಂಪಿಎಸ್‌ಗೆ ಜೋಡಿಸಿದ್ದೆ. ಎರಡು ವಾರ ಚೆನ್ನಾಗಿಯೇ ನಡೆಯಿತು. ನಡುನಡುವೆ ಆಫ್ ಆಗುತ್ತಿತ್ತು; ಕರೆಂಟಿನ ದೋಷವೆಂದು ಸುಮ್ಮನಿದ್ದೆ. ಒಂದು ಸಂಜೆ ಟಪ್ ಎಂದು ಸದ್ದಾಯಿತು, ಕೋಣೆಯಲ್ಲೆಲ್ಲ ಸುಟ್ಟ ವಾಸನೆ. ಎಸ್‌ಎಂಪಿಎಸ್ ಹೋಯಿತು, ಹೋಗುವಾಗ ಮದರ್‌ಬೋರ್ಡನ್ನೂ ಹಾರ್ಡ್‌ಡಿಸ್ಕನ್ನೂ ಜತೆಗೆ ಕೊಂಡೊಯ್ದಿತು. ಆ ಡಿಸ್ಕಿನಲ್ಲಿ ನನ್ನ ಅಮ್ಮನ ಕೊನೆಯ ಕ್ರಿಸ್ಮಸ್ಸಿನ ಚಿತ್ರಗಳಿದ್ದವು. ಬೇರೆಲ್ಲೂ ಪ್ರತಿ ಇರಲಿಲ್ಲ. ಕಂಪ್ಯೂಟರ್ ಮತ್ತೆ ಕೊಂಡೆವು. ಆ ಚಿತ್ರಗಳು ಸಿಗಲಿಲ್ಲ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರುವ ತಿಂಗಳು ಹೊಸತೇ ತರೋಣ ಮಗಾ, ಅಲ್ಲಿಯವರೆಗೆ ಕಾರ್ಡು ಪೆಟ್ಟಿಗೆಯಲ್ಲೇ ಇರಲಿ” ಎಂದರು. ಹುಡುಗನೂ ಒಪ್ಪಿದ. ಅವನ ಮುಖ ಬಾಡಲಿಲ್ಲ. ಯಾಕೆಂದರೆ ಲೆಕ್ಕ ಮಾಡಿದ್ದು ಅವನೇ.

ನಿಮ್ಮ ಮನೆಯಲ್ಲೂ ಇಂಥ ಯೋಚನೆ ಇದ್ದರೆ ಕ್ಯಾಬಿನೆಟ್ ಬಿಚ್ಚುವ ಮೊದಲು ಒಂದು ಕೆಲಸ ಮಾಡಿ. ಮನೆಯವರ ಚಿತ್ರಗಳನ್ನೂ ಮಕ್ಕಳ ಸರ್ಟಿಫಿಕೇಟುಗಳ ಪ್ರತಿಗಳನ್ನೂ ಒಂದು ಪೆನ್‌ಡ್ರೈವಿಗೆ ಹಾಕಿ ಕಪಾಟಿನಲ್ಲಿಡಿ. ಸ್ಟಿಕ್ಕರ್ ಓದುವುದು ಅದರ ನಂತರ.