ಕಡಲ ಗಾಳಿಯೂ ಕಾಡಿನ ತಂತಿಯೂ

ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಗಾಳಿ ಆಂಜನೇಯನ ಗುಡಿಯಿದೆ. ಅದರ ಆಸುಪಾಸಿನ ಬಾಪೂಜಿ ನಗರದ ಒತ್ತೊತ್ತಾದ ಮನೆಗಳ ದೀಪ ಬೆಳಗಲು ಮುಂದೊಂದು ದಿನ ಕಡಲಿನ ಗಾಳಿಯೂ ನೆರವಾದೀತು. ಗುಜರಾತ್ ಮತ್ತು ತಮಿಳುನಾಡಿನ ಕಡಲಲ್ಲಿ ತಲಾ 500 ಮೆಗಾವಾಟ್ ಗಾಳಿ ವಿದ್ಯುತ್ ಉತ್ಪಾದಿಸುವ ಯೋಜನೆಗೆ ಕೇಂದ್ರ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ದಕ್ಷಿಣ ಭಾರತದ ವಿದ್ಯುತ್ ಜಾಲವು 2013ರ ಡಿಸೆಂಬರ್ 31ರಂದೇ ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದೇಶದ ಜಾಲದೊಡನೆ ಕೂಡಿಕೊಂಡಿದೆ.

ಕಲ್ಲಿದ್ದಲಿನ ಹೊಗೆಯಿಲ್ಲದ, ಶರಾವತಿಯಂತಹ ಕಣಿವೆಗಳನ್ನು ಮುಳುಗಿಸದ ಈ ವಿದ್ಯುತ್ತನ್ನು ಮಲೆನಾಡು ವಿರೋಧಿಸಬೇಕಾಗಿಲ್ಲ. ಆದರೆ ಗಾಳಿಗೆ ದಾರಿ ಬೇಡ, ವಿದ್ಯುತ್ತಿಗೆ ಬೇಕು.

ಕಡಲಿನ ಗಾಳಿಯಂತ್ರಗಳ ವಿದ್ಯುತ್ತು ಮೊದಲು ನೀರಿನ ಮೇಲೆಯೇ ಕಟ್ಟಿದ ಉಪಕೇಂದ್ರವನ್ನು ಸೇರುತ್ತದೆ. ಅಲ್ಲಿ ಒತ್ತಡ ಹೆಚ್ಚಿಸಿ, ಕಡಲ ತಳದ ಕೇಬಲ್ ಮೂಲಕ ದಡಕ್ಕೆ ತರಲಾಗುತ್ತದೆ. ಅಂತರ ನೂರು ಕಿಲೋಮೀಟರ್ ಸಮೀಪಿಸಿದರೆ ಕೇಬಲ್ಲಿನ ಸಾಮರ್ಥ್ಯದ ಬಹುಪಾಲು ಅದನ್ನು ಆವೇಶಗೊಳಿಸುವುದರಲ್ಲೇ ವ್ಯಯವಾಗುವುದರಿಂದ ಎ.ಸಿ. ಬದಲು ಡಿ.ಸಿ. ವಿದ್ಯುತ್ತನ್ನು ಕಳಿಸುತ್ತಾರೆ. ಕಡಲಲ್ಲಿ ಇಷ್ಟು ಖರ್ಚು ಮಾಡುವ ಯೋಜಕರು ನೆಲ ಮುಟ್ಟಿದೊಡನೆ ಅಗ್ಗದ ದಾರಿ ಹುಡುಕುತ್ತಾರೆ. ಕಾಡಿನಷ್ಟು ಅಗ್ಗದ ದಾರಿ ಬೇರೆ ಯಾವುದಿದೆ? ಮರಗಳು ತಕರಾರು ಅರ್ಜಿ ಸಲ್ಲಿಸುವುದಿಲ್ಲ.

ತಮಿಳುನಾಡಿನಿಂದ ಬರುವ ತಂತಿ ಮಲೆನಾಡನ್ನು ಮುಟ್ಟದಿರಬಹುದು. ಆದರೆ ಅರಬ್ಬೀ ಸಮುದ್ರದ ಗಾಳಿ ಕರಾವಳಿಯ ಮೂಲಕ ಬೆಂಗಳೂರಿಗೆ ಬರಬೇಕಾದರೆ ನಡುವೆ ಸಹ್ಯಾದ್ರಿಯಿದೆ. ಮೈಸೂರು–ಕೋಳಿಕ್ಕೋಡ್ 400 ಕೆ.ವಿ. ಮಾರ್ಗಕ್ಕಾಗಿ 2015ರ ಸುಮಾರಿಗೆ ಕೊಡಗಿನಲ್ಲಿ ಸಾವಿರಾರು ಮರಗಳು ಉರುಳಿದ್ದನ್ನು ಅಲ್ಲಿನ ಜನ ಮರೆತಿಲ್ಲ. ವಿದ್ಯುತ್ ಮಾರ್ಗಗಳು 2006ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆಯ ಪಟ್ಟಿಯಲ್ಲೇ ಇಲ್ಲ. ಅರಣ್ಯ ಭೂಮಿಗೆ ಅನುಮತಿ ಪಡೆದರೆ ಸಾಕು. ಇಡೀ ಮಾರ್ಗದ ಬಗ್ಗೆ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕಾಗಿಲ್ಲ.

ಬೇರೆ ದಾರಿಯೇ ಇಲ್ಲವೆನ್ನುವುದು ಸುಳ್ಳು. ಉತ್ತರದ ಗಾಳಿ ವಿದ್ಯುತ್ತನ್ನು ದಕ್ಷಿಣಕ್ಕೊಯ್ಯುವ ಸ್ಯೂಡ್‌ಲಿಂಕ್ ಮಾರ್ಗಕ್ಕೆ ಹಳ್ಳಿಗರಿಂದ ವಿರೋಧ ಬಂದಾಗ, ಜರ್ಮನಿಯು 2015ರಲ್ಲಿ ಇಂತಹ ಮಾರ್ಗಗಳಿಗೆ ನೆಲದಡಿಯ ಕೇಬಲ್ಲೇ ಮೊದಲ ಆಯ್ಕೆಯಾಗಬೇಕೆಂದು ಕಾನೂನು ತಂದಿತು. ನೆರೆಯ ಕೇರಳದಲ್ಲೂ 2021ರಲ್ಲಿ ಉದ್ಘಾಟನೆಯಾದ ಪುಗಳೂರು–ತ್ರಿಶೂರ್ ಡಿ.ಸಿ. ಮಾರ್ಗದ ಕೊನೆಯ ಭಾಗ ನೆಲದಡಿಯಲ್ಲೇ ಸಾಗುತ್ತದೆ. ಇದಕ್ಕೆ ವೆಚ್ಚ ಹಲವು ಪಟ್ಟು ಹೆಚ್ಚು, ನಿಜ. ನೆಲ ಅಗೆಯುವುದರಿಂದಲೂ ಹಾನಿಯುಂಟು. ಆದ್ದರಿಂದಲೇ ಹೊಸ ಕಾಡು ಸೀಳದೆ ಇರುವ ರಸ್ತೆಯ ಅಂಚಿನಲ್ಲೇ ಕೇಬಲ್ ಹೂಳಬೇಕು. ಹಳೆಯ ಮಾರ್ಗಗಳ ಸಾಮರ್ಥ್ಯ ಹೆಚ್ಚಿಸುವುದು ಮೊದಲ ಆಯ್ಕೆಯಾಗಬೇಕು. ಮಾರ್ಗದ ನಕ್ಷೆ ಅಂತಿಮವಾಗುವ ಮುನ್ನ ಗ್ರಾಮಸಭೆಯ ಮುಂದೆ ಬರಬೇಕು.

ಬಾಪೂಜಿ ನಗರದ ಸಂಸಾರಸ್ಥರನ್ನು ದೂರಿ ಫಲವಿಲ್ಲ. ಅವರ ಮನೆಗೂ ದೀಪ ಬೇಕು. ಆದರೆ ಉರುಳುವ ಕಾಡಿನ ಬೆಲೆ ಅವರ ಬಿಲ್ಲಿನಲ್ಲಿ ಕಾಣುವುದಿಲ್ಲ. ಆ ಲೆಕ್ಕವನ್ನೂ ಬರೆದ ಮೇಲಷ್ಟೇ ಕಡಲ ಗಾಳಿಯನ್ನು ಹಸಿರು ವಿದ್ಯುತ್ತೆಂದು ಕರೆಯುವುದು ನ್ಯಾಯ.