ಸಂಶೋಧನ ಲೇಖನದ ಪೀಠಿಕೆ ಮತ್ತು ಪೂರ್ವಪಕ್ಷ

ವಿಜ್ಞಾನದ ಸಂಶೋಧನ ಲೇಖನಗಳಿಗೆ ಇಂದು ಬಹುತೇಕ ಒಂದೇ ಅಚ್ಚು: ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ. ಇಂಗ್ಲಿಷ್ ಮನೆಮಾತಲ್ಲದವರಿಗೂ ವಿಧಾನ, ಫಲಿತಾಂಶಗಳ ಭಾಗ ಅಷ್ಟು ಕಷ್ಟವಲ್ಲ. ಮಾಡಿದ್ದನ್ನೂ ಕಂಡದ್ದನ್ನೂ ಕ್ರಮವಾಗಿ ಹೇಳಿದರಾಯಿತು. ಅವರು ಎಡವುವುದು ಹೆಚ್ಚಾಗಿ ಪೀಠಿಕೆಯಲ್ಲಿ.

ಭಾಷಾವಿದ್ವಾಂಸ ಜಾನ್ ಸ್ವೇಲ್ಸ್ 1990ರ ತಮ್ಮ 'ಜಾನರ್ ಅನಾಲಿಸಿಸ್' ಗ್ರಂಥದಲ್ಲಿ ಪೀಠಿಕೆಯ ಮೂರು ಹೆಜ್ಜೆಗಳನ್ನು ಗುರುತಿಸಿದ್ದಾರೆ: ಅಧ್ಯಯನ ಕ್ಷೇತ್ರದ ಮಹತ್ವವನ್ನು ಸ್ಥಾಪಿಸುವುದು, ಅಲ್ಲಿ ಉಳಿದಿರುವ ತೆರವನ್ನು ತೋರಿಸುವುದು, ಆ ತೆರವನ್ನು ತನ್ನ ಅಧ್ಯಯನದಿಂದ ತುಂಬುವುದು. ಇಂಗ್ಲಿಷೇತರ ಭಾಷಿಕರಲ್ಲಿ ಹಲವರು ಎರಡನೆಯ ಹೆಜ್ಜೆಯನ್ನು ಬಿಟ್ಟುಬಿಡುತ್ತಾರೆ, ಇಲ್ಲವೇ ಮೆಲುದನಿಯಲ್ಲಿ ದಾಟಿಸುತ್ತಾರೆ ಎಂಬುದು ತೌಲನಿಕ ಅಧ್ಯಯನಗಳಲ್ಲಿ ಕಂಡುಬಂದಿದೆ. ಆಗ 'ಇದರಲ್ಲಿ ಹೊಸದೇನು?' ಎಂಬ ಪರಿಶೀಲಕರ ಪ್ರಶ್ನೆಗೆ ಲೇಖನದಲ್ಲಿ ಉತ್ತರವೇ ಇರುವುದಿಲ್ಲ.

ಇದಕ್ಕೆ ಆಲೋಚನಾಕ್ರಮವೇ ಕಾರಣವೆಂದು ಭಾವಿಸುವವರಿದ್ದಾರೆ. 1966ರಲ್ಲಿ ರಾಬರ್ಟ್ ಕ್ಯಾಪ್ಲನ್ ಇಂಗ್ಲಿಷಿನ ನಿರೂಪಣೆಯನ್ನು ನೇರ ಗೆರೆಯಾಗಿಯೂ ಪೌರಸ್ತ್ಯರ ನಿರೂಪಣೆಯನ್ನು ಸುರುಳಿಯಾಗಿಯೂ ಚಿತ್ರಿಸಿದರು. ವಿದ್ಯಾರ್ಥಿಗಳ ಬರಹಗಳನ್ನು ಆಧರಿಸಿದ ಈ ಚಿತ್ರ ಮುಂದೆ ಸಾಕಷ್ಟು ಟೀಕೆಗೊಳಗಾಯಿತು. ನಮ್ಮ ಮಟ್ಟಿಗಂತೂ ಅದನ್ನು ಒಪ್ಪಲಾಗದು. ಸಮಂತಭದ್ರರ 'ಆಪ್ತಮೀಮಾಂಸೆ' ಏಕಾಂತವಾದಗಳ ದೋಷಗಳನ್ನು ಒಂದೊಂದಾಗಿ ತೋರಿಸಿಯೇ ಸ್ಯಾದ್ವಾದವನ್ನು ಸ್ಥಾಪಿಸುತ್ತದೆ. ಪೂರ್ವಪಕ್ಷವಿಲ್ಲದೆ ಸಿದ್ಧಾಂತವಿಲ್ಲ ಎಂಬುದು ನಮ್ಮ ಶಾಸ್ತ್ರಗ್ರಂಥಗಳ ಶಿಸ್ತು.

ಪೂರ್ವಪಕ್ಷವು ಎದುರಾಳಿಯ ಮತ, ಸಂಶೋಧಕನು ತೋರಿಸಬೇಕಾದ ತೆರವು ಎಷ್ಟೋ ವೇಳೆ ತನ್ನ ಗುರುಹಿರಿಯರ ಕೆಲಸದಲ್ಲೇ ಇರುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಅಳುಕು ಹುಟ್ಟುವುದೂ ಅಲ್ಲಿಯೇ. ಆದರೆ ಅದಕ್ಕೂ ಪರಂಪರೆಯಲ್ಲಿ ಮೇಲ್ಪಂಕ್ತಿಯಿದೆ. ಆಪ್ತಮೀಮಾಂಸೆಗೆ ಅಕಲಂಕರು 'ಅಷ್ಟಶತಿ'ಯನ್ನು ಬರೆದರು. ವಿದ್ಯಾನಂದರು ಅದನ್ನು ಒಳಗೊಂಡೇ 'ಅಷ್ಟಸಹಸ್ರಿ'ಯನ್ನು ರಚಿಸಿದರು. ಹಿರಿಯರು ಹೇಳಿದ ಮೇಲೂ ಹೇಳುವುದು ಉಳಿದಿದೆ ಎಂದು ಭಾವಿಸದೆ ಇಂಥ ವ್ಯಾಖ್ಯಾನ ಹುಟ್ಟದು; ಅದು ಹಿರಿಯರಿಗೆ ತೋರಿದ ಅವಿನಯವೂ ಅಲ್ಲ.

ತೊಂದರೆ ಇರುವುದು ನಾವು ಆಯ್ದುಕೊಂಡ ಮಾದರಿಯಲ್ಲಿ. ಕಾವ್ಯಾರಂಭದ ಪೂರ್ವಕವಿಸ್ಮರಣೆ ಕಾವ್ಯಕ್ಕೆ ಭೂಷಣ. ಸಂಶೋಧನೆಯಲ್ಲಿ ಅದು ಸಾಲದು. ಕನ್ನಡದ ಅನೇಕ ಮಹಾಪ್ರಬಂಧಗಳಲ್ಲಿ 'ಈವರೆಗಿನ ಅಧ್ಯಯನಗಳು' ಎಂಬ ಅಧ್ಯಾಯ ಪೂರ್ವವಿದ್ವಾಂಸರ ಸ್ಮರಣೆಯಲ್ಲೇ ಮುಗಿಯುತ್ತದೆ. ಮಾತೃಭಾಷೆಯಲ್ಲಿ ತೆರವನ್ನು ಹೆಸರಿಸಲು ಕಲಿಯದ ವಿದ್ಯಾರ್ಥಿ, ವಿಜ್ಞಾನದವನಾಗಲಿ ಸಾಹಿತ್ಯದವನಾಗಲಿ, ಇಂಗ್ಲಿಷಿನಲ್ಲಿ ಅದನ್ನು ಹೇಗೆ ಹೆಸರಿಸಿಯಾನು? ವ್ಯಾಕರಣ ತಿದ್ದಿದ ಮಾತ್ರಕ್ಕೆ ಈ ಕೊರತೆ ನೀಗದು. 'ಇಲ್ಲಿಯವರೆಗೆ ಹೀಗೆ ತಿಳಿದಿದೆ, ಇದು ತಿಳಿದಿಲ್ಲ' ಎಂಬ ಎರಡು ವಾಕ್ಯಗಳನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಬರೆಯಿಸುವುದರಿಂದಲೇ ನಮ್ಮ ಸಂಶೋಧನ ತರಗತಿಗಳು ಆರಂಭವಾಗಬೇಕು.